ಪರದೇಶದ ಬಾನಿನಲ್ಲಿ ಮಿನಾರು

ಮನೆಯನ್ನು ಮನುಷ್ಯನು ತಾನು ಇರುವುದಕ್ಕಾಗಿ ಕಟ್ಟುತ್ತಾನೆ. ಗೋಪುರವನ್ನು ಕಟ್ಟುವುದು ತಾನು ಇದ್ದೇನೆಂದು ನಾಲ್ಕು ಜನಕ್ಕೆ ತಿಳಿಯಲೆಂದು. ಮಳೆಬಿಸಿಲಿನಿಂದ ತಲೆ ಕಾಯುವುದಕ್ಕೆ ಗೋಪುರ ಬೇಕಿಲ್ಲ. ದೇವರನ್ನು ನೆನೆಯುವುದಕ್ಕಂತೂ ಬೇಕೇ ಇಲ್ಲ. ಆದರೂ ಲೋಕದ ನಾನಾ ಮತಗಳವರು, ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ, ತಮ್ಮ ಪೂಜಾಸ್ಥಾನಕ್ಕೆ ಒಂದು ಎತ್ತರವನ್ನು ಸೇರಿಸಿದ್ದಾರೆ. ಇಗರ್ಜಿಯ ಶಿಖರ, ದೇವಾಲಯದ ಗೋಪುರ, ಬಸದಿಯ ಮುಂದಣ ಮಾನಸ್ತಂಭ, ಮಸೀದಿಯ ಮಿನಾರು, ಇವೆಲ್ಲವೂ ಒಂದೇ ಆಸೆಯ ಬೇರೆ ಬೇರೆ ರೂಪಗಳು. ಒಂದು ಊರಿಗೆ ಹೊಸದಾಗಿ ಬಂದ ಜನ ಅಲ್ಲಿ ತಮ್ಮ ಗೋಪುರವನ್ನು ಎತ್ತಲು ಹೊರಟಾಗ ಹಳಬರ ಮನಸ್ಸು ಕಲಕುವುದೂ ಈ ಕಾರಣದಿಂದಲೇ. ಬಂದವರು ಬಾಡಿಗೆ ಕೋಣೆಯಲ್ಲಿ ಕುಳಿತು ಪ್ರಾರ್ಥನೆ ಮಾಡುವವರೆಗೆ ಯಾರಿಗೂ ಚಿಂತೆಯಿಲ್ಲ. ಅವರು ಬಾನಿನಲ್ಲಿ ಪಾಲು ಕೇಳಿದಾಗ ಚರ್ಚೆ ಮೊದಲಾಗುತ್ತದೆ.

ಅಮೆರಿಕದ ಊರುಗಳಲ್ಲಿ ವಲಸೆ ಬಂದ ಮುಸ್ಲಿಮರು ಮಿನಾರು ಕಟ್ಟಿದಾಗ ಈ ಚರ್ಚೆ ಹೇಗೆ ಎದ್ದಿತು, ಎಲ್ಲಿ ಸರಿಯಾಗಿ ತೀರಿತು, ಎಲ್ಲಿ ತೀರದೆ ಉಳಿದಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ. ವಿಷಯ ದೂರದೇಶದ್ದು ನಿಜ. ಆದರೆ ಅದರಲ್ಲಿ ಅಡಗಿರುವ ನ್ಯಾಯದ ಪ್ರಶ್ನೆ ದೂರದ್ದಲ್ಲ.

ಮೊದಲು ಮಾತಿನ ವಿಚಾರ. ಕನ್ನಡದ ‘ಮಿನಾರು’ ಅರಬಿಯ ‘ಮನಾರ’ ಎಂಬ ಶಬ್ದದಿಂದ ಬಂದದ್ದು. ಬೆಳಕು, ಬೆಂಕಿ ಎಂಬ ಅರ್ಥಗಳಿರುವ ಧಾತುವಿನಿಂದ ಹುಟ್ಟಿದ ಆ ಶಬ್ದಕ್ಕೆ ದೀಪವಿರುವ ಎಡೆ ಎಂದು ಅರ್ಥ. ಎಂದಮೇಲೆ ನಮ್ಮ ‘ದೀಪಸ್ತಂಭ’ವೆಂಬ ಮಾತು ಅದಕ್ಕೆ ಹತ್ತಿರದ ನಂಟು. ಸ್ವಾರಸ್ಯವೇನೆಂದರೆ, ಇಸ್ಲಾಮಿನ ಆದಿಯಲ್ಲಿ ಮಿನಾರು ಇರಲೇ ಇಲ್ಲ. ಮದೀನಾದಲ್ಲಿ ಪ್ರವಾದಿಯವರು ಕಟ್ಟಿಸಿದ ಮಸೀದಿಗೆ ಇದ್ದದ್ದು ಖರ್ಜೂರದ ಬೊಡ್ಡೆಗಳ ಕಂಬ, ಗರಿಯ ಚಾವಣಿ. ಪ್ರಾರ್ಥನೆಗೆ ಕರೆಯುತ್ತಿದ್ದವನು ಬಿಲಾಲ್ ಎಂಬ ಅಬಿಸೀನಿಯಾ ಮೂಲದವನು, ದಾಸ್ಯದಿಂದ ಬಿಡುಗಡೆ ಹೊಂದಿದವನು; ಅವನು ಯಾವುದೋ ಮನೆಯ ಮಾಳಿಗೆಯನ್ನೇರಿ ಕೂಗುತ್ತಿದ್ದನೆಂದು ಸಂಪ್ರದಾಯ. ಎಂಟನೆಯ ಶತಮಾನದ ಆರಂಭದಲ್ಲಿ ಡಮಾಸ್ಕಸ್ಸಿನ ದೊಡ್ಡ ಮಸೀದಿ ಎದ್ದಾಗ ಅಲ್ಲಿದ್ದ ಹಳೆಯ ರೋಮನ್ ದೇಗುಲದ ಪ್ರಾಕಾರದ ಮೂಲೆಗೋಪುರಗಳು ಈ ಹೊಸ ಕೆಲಸಕ್ಕೆ ಒದಗಿಬಂದವು. ಮುಂದೆ ಮಿನಾರು ಹೋದ ಹೋದ ದೇಶದಲ್ಲಿ ಆ ದೇಶದ ವೇಷವನ್ನೇ ತೊಟ್ಟಿತು. ಸಿರಿಯಾದಲ್ಲಿ ಚೌಕ, ಸಮರ್ರಾದಲ್ಲಿ ಸುರುಳಿ, ತುರ್ಕಿಯಲ್ಲಿ ಸೀಸದಕಡ್ಡಿಯಂತೆ ಸಪೂರ. ನಮ್ಮ ಬೀದರಿನಲ್ಲಿ 1472ರಲ್ಲಿ ಪೂರ್ತಿಯಾದ ಮದರಸಾದ ಮಿನಾರು ಇಂದಿಗೂ ನಿಂತಿದೆ. ಜೊತೆಯದು ಬಿದ್ದುಹೋಗಿ ಒಂಟಿಯಾಗಿದೆ. ಮೈಮೇಲೆ ಪಾರಸಿಕ ಹೆಂಚಿನ ಬಣ್ಣ ಅಲ್ಲಲ್ಲಿ ಉಳಿದಿದೆ. ಅದನ್ನು ಕಟ್ಟಿಸಿದ ಮಹಮೂದ್ ಗವಾನನೂ ಪಾರಸಿಕದ ಗೀಲಾನಿನಿಂದ ಬಂದ ವಲಸೆಗಾರನೇ. ಬಂದವರು ಮಿನಾರು ಎತ್ತುವುದು ಈ ಶತಮಾನದ ಹೊಸ ಸುದ್ದಿಯಲ್ಲ ಎಂಬುದಕ್ಕಾಗಿ ಇಷ್ಟು ಹೇಳಿದೆ.

ಇನ್ನು ಅಮೆರಿಕದ ಮಾತು. ಆ ದೇಶದವರು ಮಿನಾರನ್ನು ಮೊದಲು ಕಂಡದ್ದು ಮುಸ್ಲಿಮ್ ವಲಸೆಗಾರರಿಂದ ಎಂದು ತಿಳಿದರೆ ತಪ್ಪಾದೀತು. 1866ರಲ್ಲಿ ಸಿನ್ಸಿನಾಟಿ ನಗರದ ಪ್ಲಮ್ ಬೀದಿಯಲ್ಲಿ ಜರ್ಮನಿಯಿಂದ ಬಂದ ಯೆಹೂದ್ಯರು ತಮ್ಮ ಪ್ರಾರ್ಥನಾಮಂದಿರವನ್ನು ಕಟ್ಟಿದರು. ಅದರ ಇಕ್ಕೆಲದಲ್ಲೂ ಮಿನಾರಿನಂತಹ ಎರಡು ಗೋಪುರಗಳಿವೆ. ಮುಸ್ಲಿಮರು ಆಳಿದ ಕಾಲದ ಸ್ಪೇನಿನಲ್ಲಿ ಯೆಹೂದ್ಯ ವಿದ್ವತ್ತು ಹೂಬಿಟ್ಟ ನೆನಪು ಆ ಶೈಲಿಯ ಹಿಂದಿತ್ತು. 1891ರಲ್ಲಿ ಫ್ಲಾರಿಡಾದ ಟ್ಯಾಂಪಾ ಊರಿನಲ್ಲಿ ರೈಲ್ವೆ ಧನಿಕನೊಬ್ಬ ಶ್ರೀಮಂತ ಪ್ರವಾಸಿಗಳಿಗಾಗಿ ದೊಡ್ಡ ಹೋಟೆಲೊಂದನ್ನು ತೆರೆದ. ಅದಕ್ಕೆ ಆರು ಮಿನಾರುಗಳು. ಈಗ ಅದು ಒಂದು ವಿಶ್ವವಿದ್ಯಾಲಯದ ಭವನ. ಆ ಮಿನಾರುಗಳೇ ಊರಿನ ಗುರುತು. 1893ರ ಚಿಕಾಗೋ ವಸ್ತುಪ್ರದರ್ಶನದಲ್ಲಿ, ಅಂದರೆ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ಅದೇ ಸಂದರ್ಭದಲ್ಲಿ, ಮನೋರಂಜನೆಯ ಬೀದಿಯಲ್ಲಿ ‘ಕೈರೋದ ಬೀದಿ’ಯೊಂದನ್ನು ಸೃಷ್ಟಿಸಿ ಮಿನಾರುಸಹಿತವಾದ ಮಸೀದಿಯನ್ನು ನಿಲ್ಲಿಸಿದ್ದರು. ಜನ ದುಡ್ಡುಕೊಟ್ಟು ನೋಡಿ ನಲಿದರು. 1926ರಲ್ಲಿ ಫ್ಲಾರಿಡಾದಲ್ಲೇ ಓಪಾ-ಲಾಕಾ ಎಂಬ ಹೊಸ ಊರನ್ನು ಅರೇಬಿಯದ ಕತೆಗಳ ಊರಿನಂತೆ ಗುಮ್ಮಟ ಮಿನಾರುಗಳಿಂದ ಕಟ್ಟಲು ಹೊರಟವನು ವಿಮಾನೋದ್ಯಮಿ ಗ್ಲೆನ್ ಕರ್ಟಿಸ್.

ಈ ಕಟ್ಟಡಗಳಲ್ಲಿ ಒಂದನ್ನೂ ಮುಸ್ಲಿಮ್ ವಲಸೆಗಾರರು ತಮ್ಮ ಪ್ರಾರ್ಥನೆಗಾಗಿ ಕಟ್ಟಿಕೊಂಡಿರಲಿಲ್ಲ. ಹೋಟೆಲಿನ ಅಲಂಕಾರವಾಗಿ, ಜಾತ್ರೆಯ ವಿನೋದವಾಗಿ, ನಿವೇಶನಗಳನ್ನು ಮಾರುವವನ ಆಕರ್ಷಣೆಯಾಗಿ ಬಂದ ಮಿನಾರಿಗೆ ಅಮೆರಿಕ ಬಾಗಿಲು ತೆರೆದಿತ್ತು. ಅದರ ಕೆಳಗೆ ನಿಂತು ನಿಜವಾಗಿ ನಮಾಜು ಮಾಡುವ ಜನ ಬಂದಮೇಲೆ ಅದೇ ಆಕೃತಿ ಅಪರಿಚಿತವೆಂದೂ ಊರಿನ ಚೆಲುವಿಗೆ ಒಗ್ಗದ್ದೆಂದೂ ಕೆಲವರಿಗೆ ತೋರಿತು. ಹಾಗಾದರೆ ಅವರ ಆಕ್ಷೇಪ ಕಲ್ಲುಗಾರೆಯ ಮೇಲಿನದಲ್ಲವೆಂದು ಹೇಳಬೇಕಾಗುತ್ತದೆ.

ಆ ಜನ ಬಂದದ್ದಾದರೂ ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಟೊಮನ್ ಸಾಮ್ರಾಜ್ಯದ ಸಿರಿಯಾ ಲೆಬನಾನ್ ಪ್ರಾಂತಗಳಿಂದ ಹೊರಟ ರೈತಾಪಿ ಯುವಕರು ಬೆನ್ನಿಗೆ ಗಂಟು ಹೊತ್ತು ಹಳ್ಳಿಹಳ್ಳಿಗೆ ಸೂಜಿದಾರ, ಬಟ್ಟೆಬರೆ ಮಾರಿದರು. ಕೆಲವರು ಉತ್ತರ ಡಕೋಟಾದ ಬಯಲಿನಲ್ಲಿ ಸರಕಾರ ಹಂಚಿದ ಭೂಮಿ ಹಿಡಿದು ಗೋಧಿ ಬೆಳೆದರು. ರಾಸ್ ಎಂಬ ಹಳ್ಳಿಯ ಬಳಿ ಅವರು 1929ರಲ್ಲಿ ಕಟ್ಟಿಕೊಂಡ ಮಸೀದಿ ಅರ್ಧ ನೆಲದೊಳಗೆ ಹುದುಗಿದ್ದ ನೆಲಮಾಳಿಗೆಯಂತಹ ಒಂದು ಕಟ್ಟಡ. ಅದಕ್ಕೆ ಮಿನಾರಿನ ಮಾತೆಲ್ಲಿ ಬಂತು! ಮಕ್ಕಳು ದೂರದ ಊರುಗಳಿಗೆ ಹೋದರು, ಮುದುಕರು ತೀರಿಕೊಂಡರು, ಕಟ್ಟಡ ಪಾಳುಬಿದ್ದು 1979ರಲ್ಲಿ ಕೆಡವಲ್ಪಟ್ಟಿತು. 2005ರಲ್ಲಿ ಅದೇ ಎಡೆಯಲ್ಲಿ ನೆನಪಿಗಾಗಿ ಪುಟ್ಟದೊಂದು ಮಸೀದಿ ಎದ್ದಿತು. ಅಯೋವಾ ಸಂಸ್ಥಾನದ ಸೀಡರ್ ರ್‍ಯಾಪಿಡ್ಸ್ ಊರಿನಲ್ಲಿ 1934ರಲ್ಲಿ ಕಟ್ಟಿದ ಮರದ ಹಲಗೆಯ ಮಸೀದಿಯಂತೂ ಬಾಗಿಲ ಮೇಲಿನ ಪುಟ್ಟ ಗುಮ್ಮಟವೊಂದನ್ನು ತೆಗೆದರೆ ಹಳ್ಳಿಯ ಶಾಲೆಯಂತೆಯೇ ಕಾಣುವುದು. ಅದನ್ನು ಈಗ ‘ಅಮೆರಿಕದ ತಾಯಿ ಮಸೀದಿ’ ಎಂದು ಕರೆಯುತ್ತಾರೆ. ಸಮುದಾಯ 1971ರಲ್ಲಿ ಬೇರೆ ಕಟ್ಟಡಕ್ಕೆ ಹೋದಮೇಲೆ ಅದು ಕೈಬದಲಿಸಿತು; ಬಳಿಕ ಮುಸ್ಲಿಮರೇ ಕೊಂಡು ಜೀರ್ಣೋದ್ಧಾರ ಮಾಡಿದರು; 1996ರಲ್ಲಿ ಅದು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಇವುಗಳಿಗೂ ಮೊದಲು, 1921ರಲ್ಲಿ, ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿ ಫೋರ್ಡ್ ಕಾರ್ಖಾನೆಯ ಸಮೀಪ ಒಂದು ಮಸೀದಿ ಎದ್ದಿತ್ತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯಿತು. ಆ ಮಸೀದಿಗಳ ಕಾಲವನ್ನು ನಾನು ಬಿಡಾರದ ಕಾಲವೆಂದು ಕರೆಯುತ್ತೇನೆ. ಬಿಡಾರದಲ್ಲಿರುವವನು ತಗ್ಗಿದ ದನಿಯಲ್ಲಿ ಮಾತನಾಡುತ್ತಾನೆ. ಗೋಡೆಗೆ ಮೊಳೆ ಹೊಡೆಯಲೂ ಅನುಮಾನಿಸುತ್ತಾನೆ.

ರಾಜಧಾನಿಯಲ್ಲಿ ಎದ್ದ ಮಿನಾರಿನ ಕತೆ ಬೇರೆ. 1944ರಲ್ಲಿ ತುರ್ಕಿಯ ರಾಯಭಾರಿ ಮುನೀರ್ ಎರ್ತೆಗುನ್ ವಾಷಿಂಗ್ಟನ್ನಿನಲ್ಲಿ ತೀರಿಕೊಂಡಾಗ ಅಂತ್ಯಪ್ರಾರ್ಥನೆ ಮಾಡುವುದಕ್ಕೆ ಅಲ್ಲೊಂದು ಮಸೀದಿ ಇರಲಿಲ್ಲ. ಆ ಕೊರತೆಯಿಂದ ಹುಟ್ಟಿದ ಸಂಕಲ್ಪಕ್ಕೆ ಪ್ಯಾಲೆಸ್ಟೈನಿನಿಂದ ವಲಸೆ ಬಂದು ಕಟ್ಟಡಗಳ ಗುತ್ತಿಗೆದಾರನಾಗಿ ಮೇಲೆ ಬಂದ ಜೋಸೆಫ್ ಹೋವರ್ ಕೈಗೊಟ್ಟ. ಈಜಿಪ್ಟಿನಲ್ಲಿ ಕೆಲಸ ಮಾಡುತ್ತಿದ್ದ ಇಟಲಿಯ ಮಾರಿಯೋ ರೊಸ್ಸಿ ನಕ್ಷೆ ಬರೆದ. ತುರ್ಕಿಯಿಂದ ಹೆಂಚು, ಈಜಿಪ್ಟಿನಿಂದ ತೂಗುದೀಪ, ಇರಾನಿನಿಂದ ರತ್ನಗಂಬಳಿ ಬಂದವು. 1957ರ ಜೂನ್ 28ರಂದು ಅಧ್ಯಕ್ಷ ಐಸೆನ್‌ಹೋವರ್ ಅವರೇ ಪ್ರಾರಂಭೋತ್ಸವಕ್ಕೆ ಬಂದು ಮಾತನಾಡಿದರು. 160 ಅಡಿಯ ಆ ಮಿನಾರು ರಾಯಭಾರ ಕಚೇರಿಗಳ ಬೀದಿಯಲ್ಲಿ ನಿಂತಿದೆ. ಅದು ಗೌರವದ ಅತಿಥಿಯ ಮಿನಾರು. ರಾಜ್ಯಗಳು ರಾಜ್ಯಗಳಿಗೆ ತೋರುವ ಸೌಜನ್ಯ ಅದರ ಬೆನ್ನಿಗಿತ್ತು. ನಿಜವಾದ ಪರೀಕ್ಷೆ ಮಾಡುವುದು ಇಂತಹ ಮಿನಾರಲ್ಲ. ಕಾರ್ಖಾನೆಯ ಕೂಲಿಗಾರರೂ ಅಂಗಡಿಯವರೂ ವೈದ್ಯರೂ ತಮ್ಮ ಸಂಬಳದ ಹಣ ಕೂಡಿಸಿ ತಮ್ಮ ಊರಿನಲ್ಲಿ ಎತ್ತುವ ಮಿನಾರು.

ಅಂತಹುದಕ್ಕೆ ಓಹಾಯೋ ಸಂಸ್ಥಾನದ ಟೊಲೆಡೋ ಒಳ್ಳೆಯ ಉದಾಹರಣೆ. ಗಾಜಿನ ಕಾರ್ಖಾನೆಗಳಿಗೂ ಜೀಪು ಗಾಡಿಗೂ ಹೆಸರಾದ ಪಟ್ಟಣ ಅದು. ಸಿರಿಯಾ ಲೆಬನಾನ್ ಮೂಲದ ಕುಟುಂಬಗಳು ಅಲ್ಲಿ ನೆಲೆಯೂರಿ 1954ರಲ್ಲಿ ಊರೊಳಗೆ ಒಂದು ಮಸೀದಿ ಕಟ್ಟಿಕೊಂಡಿದ್ದವು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. ಯೂರೋಪಿನವರಿಗೆ ಒಲಿದಿದ್ದ ಹಳೆಯ ಲೆಕ್ಕ ಹೋಗಿ ಏಷ್ಯದ ಜನರಿಗೂ ಬಾಗಿಲು ತೆರೆಯಿತು. ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು ಪಾಕಿಸ್ತಾನ, ಭಾರತ, ಈಜಿಪ್ಟುಗಳಿಂದ ಬಂದು ಹಳಬರ ಜೊತೆ ಸೇರಿದರು. ಹಳೆಯ ಮಸೀದಿ ಸಾಲದಾಯಿತು. ಪಟ್ಟಣದ ಹೊರಗೆ ಪೆರಿಸ್‌ಬರ್ಗಿನ ಹೊಲಗಳ ನಡುವೆ ಭೂಮಿ ಕೊಂಡು, 1980ರಲ್ಲಿ ಕೆಲಸ ಹಿಡಿದು 1983ರಲ್ಲಿ ಹೊಸ ಮಸೀದಿಯನ್ನು ತೆರೆದರು. ನಕ್ಷೆ ತುರ್ಕಿ ಮೂಲದ ಶಿಲ್ಪಿಯದು. ನಡುವೆ ಗುಮ್ಮಟ, ಎರಡು ಕಡೆ 135 ಅಡಿಯ ಎರಡು ಬಿಳಿಯ ಮಿನಾರುಗಳು. ಸಮತಟ್ಟಾದ ಆ ಹೊಲಗಳ ನಾಡಿನಲ್ಲಿ, ಉತ್ತರ ದಕ್ಷಿಣವಾಗಿ ಹರಿಯುವ ದೊಡ್ಡ ಹೆದ್ದಾರಿಯಲ್ಲಿ ಹೋಗುವವರಿಗೆ ಅವು ದೂರದಿಂದಲೇ ಕಾಣುತ್ತವೆ. ಇಪ್ಪತ್ತಕ್ಕೂ ಹೆಚ್ಚು ದೇಶಗಳ ಮೂಲದವರು ಸೇರುವ ಆ ಮಸೀದಿಯ ಆಡಳಿತ ಮಂಡಲಿಗೆ 2001ರಲ್ಲಿ ಮಹಿಳೆಯೊಬ್ಬರು ಅಧ್ಯಕ್ಷೆಯಾದರು.

ಅದೇ 2001ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಮಹಾಹತ್ಯೆ ನಡೆದ ದಿನಗಳಲ್ಲಿ, ಆ ಮಸೀದಿಯ ಬಣ್ಣದ ಗಾಜಿಗೆ ಯಾರೋ ಗುಂಡು ಹಾರಿಸಿದರು. ಆಮೇಲೆ ನಡೆದದ್ದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ. ನೆರೆಹೊರೆಯ ಕ್ರೈಸ್ತರು ಸಾವಿರಕ್ಕೂ ಮಿಕ್ಕಿ ಜನ ಬಂದು ಕೈಗೆ ಕೈ ಹಿಡಿದು ಮಸೀದಿಯನ್ನು ಸುತ್ತುವರಿದು ನಿಂತು ಪ್ರಾರ್ಥಿಸಿದರು. ಹನ್ನೊಂದು ವರ್ಷಗಳ ಮೇಲೆ, 2012ರಲ್ಲಿ, ನೆರೆಯ ಸಂಸ್ಥಾನದಿಂದ ಒಬ್ಬನು ಗಾಡಿ ಹೊಡೆದುಕೊಂಡು ಬಂದು ಪ್ರಾರ್ಥನಾಮಂದಿರದ ಜಮಖಾನೆಗೆ ಪೆಟ್ರೋಲು ಸುರಿದು ಬೆಂಕಿಯಿಟ್ಟ. ಮಸೀದಿ ಉಳಿಯಿತು, ಅವನಿಗೆ ಇಪ್ಪತ್ತು ವರ್ಷಗಳ ಸೆರೆಯಾಯಿತು. ಮುಸ್ಲಿಮರ ವಿಷಯದಲ್ಲಿ ತನಗೆ ತಿಳಿದದ್ದೆಲ್ಲ ದೂರದರ್ಶನದಲ್ಲೂ ರೇಡಿಯೋದಲ್ಲೂ ಕೇಳಿದ್ದೇ ಎಂದು ಅವನು ನ್ಯಾಯಸ್ಥಾನದಲ್ಲಿ ಹೇಳಿದ. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಕೈಹಿಡಿದು ನಿಂತವರು ಆ ಮಿನಾರುಗಳನ್ನು ಹದಿನೆಂಟು ವರ್ಷ ಕಂಡವರು. ಅದರ ಕೆಳಗಿನ ಜನ ಅವರಿಗೆ ವೈದ್ಯರು, ಅಂಗಡಿಯವರು, ಮಕ್ಕಳ ಸಹಪಾಠಿಗಳು. ಬೆಂಕಿಯಿಟ್ಟವನು ದೂರದಿಂದ ಬಂದವನು, ಸುದ್ದಿಯನ್ನಷ್ಟೇ ಬಲ್ಲವನು. ಮಿನಾರು ಕಣ್ಣಿಗೆ ಬೀಳುವುದರಿಂದ ದ್ವೇಷ ಹುಟ್ಟುತ್ತದೆಂದು ಹೇಳುವವರುಂಟು. ಟೊಲೆಡೋದಲ್ಲಿ ಮಾತ್ರ ದಿನವೂ ಕಂಡವರಲ್ಲಿ ಹುಟ್ಟಿದ್ದು ಬಳಕೆ, ಬಳಕೆಯಿಂದ ನೆರೆತನ.

ಮಿನಾರಿಗೂ ಮಸೀದಿಗೂ ವಿರೋಧ ಬರುವುದು ಬೆಂಕಿಯ ರೂಪದಲ್ಲಿ ಅಪರೂಪ. ಸಾಮಾನ್ಯವಾಗಿ ಅದು ಕಾಗದದ ರೂಪದಲ್ಲಿ ಬರುತ್ತದೆ. ಎತ್ತರ ಹೆಚ್ಚಾಯಿತು, ರಸ್ತೆಯಲ್ಲಿ ಗಾಡಿಗಳ ಸಂದಣಿಯಾದೀತು, ಮಳೆನೀರು ಹರಿಯಲು ದಾರಿಯಿಲ್ಲ, ಗಾಡಿ ನಿಲ್ಲಿಸಲು ಜಾಗ ಸಾಲದು. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಊರೆಂದಮೇಲೆ ಕಟ್ಟಡಕ್ಕೆ ಕಟ್ಟಳೆ ಇರಬೇಕು. ಮತದ ಹೆಸರು ಹೇಳಿದ ಮಾತ್ರಕ್ಕೆ ಯಾರಿಗೂ ವಿನಾಯಿತಿ ಸಲ್ಲದು. ಆದರೆ ನ್ಯೂಜರ್ಸಿಯ ಬರ್ನಾರ್ಡ್ಸ್ ಊರಿನಲ್ಲಿ ಏನಾಯಿತೆಂದು ನೋಡಿ. ಅಲ್ಲಿನ ಸಣ್ಣ ಮುಸ್ಲಿಮ್ ಸಂಘ 2012ರಲ್ಲಿ ಮಸೀದಿಗೆ ಅನುಮತಿ ಕೇಳಿತು. ನೆರೆಹೊರೆಗೆ ಒಗ್ಗಲೆಂದು ಅವರು ಗುಮ್ಮಟವನ್ನು ಕೈಬಿಟ್ಟು, ಮಿನಾರುಗಳನ್ನು ಆ ಕಡೆಯ ಮನೆಗಳ ಹೊಗೆಗೂಡಿನಂತೆ ಕಾಣುವ ಹಾಗೆ ತಗ್ಗಿಸಿ ನಕ್ಷೆ ಮಾಡಿಸಿದ್ದರು. ಆದರೂ ಸುಮಾರು ನಾಲ್ಕು ವರ್ಷಗಳಲ್ಲಿ 39 ಬಾರಿ ವಿಚಾರಣೆ ನಡೆಯಿತು. ಊರಿನ ಕಟ್ಟಳೆಯಂತೆ ಇಗರ್ಜಿಗಳಿಗೆ ಮೂರು ಜನಕ್ಕೆ ಒಂದು ಗಾಡಿಯ ಜಾಗ ಸಾಕು; ಆ ಲೆಕ್ಕದಲ್ಲಿ ಮಸೀದಿಗೆ ಬೇಕಾದದ್ದು 50. ಕೇಳಿದ್ದು 107. ಕೊನೆಗೆ ಅನುಮತಿಯನ್ನು ನಿರಾಕರಿಸಿದರು. ಸಂಘ ನ್ಯಾಯಸ್ಥಾನಕ್ಕೆ ಹೋಯಿತು; ಒಂದೇ ಬಗೆಯ ಪೂಜಾಸ್ಥಾನಗಳಿಗೆ ಎರಡು ಬಗೆಯ ಲೆಕ್ಕ ಸಲ್ಲದೆಂದು 2016ರ ಕೊನೆಯ ದಿನ ತೀರ್ಪು ಬಂತು; 2017ರಲ್ಲಿ ಊರು 32 ಲಕ್ಷ 50 ಸಾವಿರ ಡಾಲರು ತೆತ್ತು ರಾಜಿ ಮಾಡಿಕೊಂಡಿತು. ಟೆನೆಸಿಯ ಮರ್ಫ್ರೀಸ್‌ಬರೋದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಸ್ಲಾಮು ಮತವೇ ಅಲ್ಲವೆಂದು 2010ರಲ್ಲಿ ನ್ಯಾಯಸ್ಥಾನದ ಮುಂದೆ ವಾದಿಸಿದರು. ಅದು ಮತವೇ ಹೌದೆಂದು ಕೇಂದ್ರ ಸರಕಾರದ ನ್ಯಾಯ ಇಲಾಖೆ ಲಿಖಿತವಾಗಿ ತಿಳಿಸಬೇಕಾಯಿತು! 2012ರಲ್ಲಿ ಆ ಮಸೀದಿ ತೆರೆಯಿತು.

ಇಲ್ಲಿ ಅಮೆರಿಕದ ಒಂದು ಹಿರಿಮೆಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಟ್ಟಳೆಯನ್ನು ನೆಪ ಮಾಡಿಕೊಂಡು ಪೂಜಾಸ್ಥಾನವನ್ನು ತಡೆಯಬಾರದೆಂದು ಅಲ್ಲಿನ ಶಾಸನಸಭೆ 2000ದಲ್ಲಿ ಒಂದು ಕಾನೂನನ್ನೇ ಮಾಡಿತು. 1791ರ ಮೊದಲನೆಯ ತಿದ್ದುಪಡಿ ಹೇಗೂ ಇತ್ತು. ಅಷ್ಟರಿಂದ ಹಿಂದೆ ಕಷ್ಟಗಳೇ ಬರಲಿಲ್ಲವೆಂದಲ್ಲ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಐರಿಷ್ ವಲಸೆಗಾರರ ಎರಡು ಕ್ಯಾಥೊಲಿಕ್ ಇಗರ್ಜಿಗಳನ್ನು ಸುಟ್ಟಿದ್ದರು. ಇವರು ಪೋಪನ ಪ್ರಜೆಗಳು, ನಮ್ಮ ನಾಡಿಗೆ ಸಲ್ಲದವರು ಎಂಬುದೇ ಅಂದಿನ ಕೂಗು. ಇಂದು ಆ ದೇಶದಲ್ಲಿ ಕ್ಯಾಥೊಲಿಕ್ ಶಿಖರವನ್ನು ಪರಕೀಯವೆಂದು ಯಾರೂ ಬೆರಳುಮಾಡಿ ತೋರಿಸುವುದಿಲ್ಲ. ಇದಕ್ಕೆ ವಿರುದ್ಧವಾದ ದಾರಿ ಸ್ವಿಟ್ಸರ್ಲೆಂಡಿನದು. 2009ರ ನವೆಂಬರಿನಲ್ಲಿ ಅಲ್ಲಿ ಜನಮತ ತೆಗೆದುಕೊಂಡಾಗ, ದೇಶದಲ್ಲೆಲ್ಲ ನಾಲ್ಕೇ ಮಿನಾರುಗಳಿದ್ದರೂ, ಶೇಕಡಾ 57.5 ಮಂದಿ ಹೊಸ ಮಿನಾರು ಬೇಡವೆಂದರು. ನಿಷೇಧ ರಾಜ್ಯಾಂಗಕ್ಕೇ ಸೇರಿತು. ಅಲ್ಲಿ ಎತ್ತರಕ್ಕೆ ಮಿತಿ ಹಾಕಲಿಲ್ಲ. ಒಂದು ಮತದ ಎತ್ತರಕ್ಕೆ ಮಾತ್ರ ಹಾಕಿದರು. ಕಟ್ಟಳೆಗೂ ಪಕ್ಷಪಾತಕ್ಕೂ ಇರುವ ವ್ಯತ್ಯಾಸವೇ ಇದು.

ಇನ್ನೊಂದು ಆಕ್ಷೇಪ ಮುಸ್ಲಿಮರ ಒಳಗಿನಿಂದಲೇ ಬರುವಂಥದು. ಅದು ಹೆಚ್ಚು ಗಂಭೀರವಾದದ್ದು. ಮಿನಾರು ಧರ್ಮದ ವಿಧಿಯಲ್ಲ. ಬಾಂಗು ಕೊಡಲು ಮೇಲೆ ಹತ್ತುವವರು ಈಗ ಯಾರೂ ಇಲ್ಲ. ಆ ಹಣದಲ್ಲಿ ಮಕ್ಕಳಿಗೆ ಪಾಠಶಾಲೆ, ಬಡವರಿಗೆ ಔಷಧಾಲಯ ಆಗಬಾರದೇಕೆ? ತುರ್ಕಿಯ ಮಿನಾರನ್ನು ಓಹಾಯೋದ ಜೋಳದ ಹೊಲದಲ್ಲಿ ನೆಡುವುದು ತವರಿನ ಹಂಬಲವಲ್ಲದೆ ಮತ್ತೇನು? ಈ ಮಾತಿನಲ್ಲಿ ಸತ್ಯಾಂಶವಿದೆ. ಹಂಬಲದಿಂದ ಕಟ್ಟಿದ್ದು ಕೆಲವೊಮ್ಮೆ ಅನುಕರಣವಾಗಿ ಬಡವಾಗುತ್ತದೆ. ನ್ಯೂಯಾರ್ಕಿನ 96ನೆಯ ಬೀದಿಯಲ್ಲಿ 1991ರಲ್ಲಿ ತೆರೆದ ಮಸೀದಿಯನ್ನು ಕಟ್ಟಿದವರು ಇನ್ನೊಂದು ದಾರಿ ಹಿಡಿದರು. ಆ ನಗರದ ಬೀದಿಗಳ ಚೌಕಳಿಯನ್ನು ಬಿಟ್ಟು ಕಟ್ಟಡವನ್ನು 29 ಅಂಶ ತಿರುಗಿಸಿ ಮೆಕ್ಕಾದ ದಿಕ್ಕಿಗೆ ನಿಲ್ಲಿಸಿದರು. ಮಿನಾರನ್ನು ಹಳೆಯ ಅಲಂಕಾರಗಳಿಲ್ಲದೆ ನೇರ ಗೆರೆಗಳಲ್ಲಿ ಮುಗಿಸಿದರು. ಡಮಾಸ್ಕಸ್ಸು ರೋಮನರ ಗೋಪುರವನ್ನು ತನ್ನದಾಗಿಸಿಕೊಂಡ ಹಾಗೆ ಅಮೆರಿಕದ ಮಿನಾರೂ ಅಮೆರಿಕದ್ದೇ ಆದ ರೂಪವನ್ನು ಕಂಡುಕೊಳ್ಳಬೇಕು. ಅದಕ್ಕೆ ಕಾಲ ಬೇಕು.

ಆದರೆ ಅಗತ್ಯವಿಲ್ಲದ್ದು ವ್ಯರ್ಥ ಎಂಬ ತರ್ಕವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಅಗತ್ಯವನ್ನೇ ಅಳತೆಯಾಗಿಟ್ಟುಕೊಂಡರೆ ಯಾವ ದೇವಾಲಯಕ್ಕೂ ಕಳಶ ಬೇಕಿಲ್ಲ, ಯಾವ ಇಗರ್ಜಿಗೂ ಗಂಟೆ ಬೇಕಿಲ್ಲ. ಮಿನಾರು ಕಟ್ಟುವ ವಲಸೆಗಾರ ಒಂದು ಮಾತನ್ನು ಹೇಳುತ್ತಿದ್ದಾನೆ: ‘ನಾನು ಹಿಂದಿರುಗಿ ಹೋಗುವವನಲ್ಲ, ನನ್ನ ಗೋರಿ ಇಲ್ಲಿ, ನನ್ನ ಮೊಮ್ಮಕ್ಕಳ ಶಾಲೆ ಇಲ್ಲಿ.’ ಹಿಂದಿರುಗುವ ಆಲೋಚನೆಯಿರುವವನು ಅಸ್ತಿವಾರ ತೋಡಿಸುವುದಿಲ್ಲ. ಮಿನಾರನ್ನು ಕಂಡು ಇವರು ನಮ್ಮವರಾಗಲೊಲ್ಲರೆಂದು ಅಂಜುವವರು ಅದರ ಅರ್ಥವನ್ನು ತಲೆಕೆಳಗಾಗಿ ಓದುತ್ತಿದ್ದಾರೆ.

ಕಾಣುವ ಮಿನಾರಿಗಿಂತ ಕೇಳುವ ಮಿನಾರಿನ ಪ್ರಶ್ನೆ ಜಟಿಲವಾದದ್ದು. ನೋಟವನ್ನು ಬೇಡವೆಂದವನು ಮುಖ ತಿರುಗಿಸಬಹುದು, ಕಿವಿಗೆ ರೆಪ್ಪೆಯಿಲ್ಲ. ಡೆಟ್ರಾಯಿಟಿನ ನಡುವೆ ಹ್ಯಾಮ್‌ಟ್ರಾಮಿಕ್ ಎಂಬ ಎರಡು ಚದರ ಮೈಲಿಯ ಪುಟ್ಟ ಊರಿದೆ. ಡಾಡ್ಜ್ ಮೋಟಾರು ಕಾರ್ಖಾನೆಯ ಕೆಲಸಕ್ಕೆ ಪೋಲೆಂಡಿನಿಂದ ಬಂದ ಕ್ಯಾಥೊಲಿಕರು ಕಟ್ಟಿದ ಊರು. ಅವರು 1928ರಲ್ಲಿ ಮುಗಿಸಿದ ಸಂತ ಫ್ಲೋರಿಯನ್ನನ ಇಗರ್ಜಿಯ ಶಿಖರ ಊರಿನ ತಲೆಯ ಮೇಲೆ ಎದ್ದು ನಿಂತಿದೆ. 1980ರಲ್ಲಿ ಕಾರ್ಖಾನೆ ಮುಚ್ಚಿತು, ಪೋಲಿಷರ ಮಕ್ಕಳು ಹೊರವಲಯಗಳಿಗೆ ಹೋದರು, ಬರಿದಾದ ಮನೆಗಳಿಗೆ ಬಾಂಗ್ಲಾದೇಶದವರೂ ಯೆಮೆನಿನವರೂ ಬಂದು ದೀಪ ಹಚ್ಚಿದರು. 2004ರಲ್ಲಿ ಬಾಂಗ್ಲಾದೇಶೀಯರ ಮಸೀದಿಯೊಂದು ಧ್ವನಿವರ್ಧಕದಲ್ಲಿ ಬಾಂಗು ಕೊಡಲು ಅನುಮತಿ ಕೇಳಿತು. ಊರೆಲ್ಲ ಗದ್ದಲವಾಯಿತು, ದೂರದ ಊರುಗಳಿಂದಲೂ ಪ್ರತಿಭಟನೆಗೆ ಜನ ಬಂದರು. ನಗರಸಭೆ ಯೋಗ್ಯವಾದ ದಾರಿ ಕಂಡಿತು. ಇಗರ್ಜಿಯ ಗಂಟೆಗೂ ಮಸೀದಿಯ ಬಾಂಗಿಗೂ ಅನ್ವಯಿಸುವಂತೆ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಮಾತ್ರ ಸಲ್ಲುವುದೆಂದು, ಸದ್ದಿನ ಕಟ್ಟಳೆಯನ್ನು ತಿದ್ದಿತು. ವಿರೋಧಿಗಳು ಜನಮತ ಕೇಳಿದರು. ಜುಲೈ 20ರಂದು 1,462 ಮತಗಳು ತಿದ್ದುಪಡಿಯ ಪರವಾಗಿ, 1,200 ವಿರುದ್ಧವಾಗಿ ಬಿದ್ದವು. ಬಾಂಗು ಕೇಳಿಸಿತು, ಗಂಟೆಯೂ ಬಾರಿಸುತ್ತಲೇ ಇತ್ತು. 2023ರಲ್ಲಿ ಸೋಮಾಲಿಗಳು ಹೆಚ್ಚಾಗಿರುವ ಮಿನಿಯಾಪೊಲಿಸ್ ಮಹಾನಗರವೂ ದಿನದ ಐದು ಹೊತ್ತಿನ ಬಾಂಗಿಗೆ ಒಪ್ಪಿಗೆ ಕೊಟ್ಟಿತು.

ಹ್ಯಾಮ್‌ಟ್ರಾಮಿಕ್ಕಿನ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಕೇಳಲು ಹಿತವಾಗಿರುತ್ತಿತ್ತು. ಆದರೆ ಮುಂದೆ ನಡೆದದ್ದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 2015ರಲ್ಲಿ ಅಲ್ಲಿನ ನಗರಸಭೆಯಲ್ಲಿ ಮುಸ್ಲಿಮರು ಬಹುಸಂಖ್ಯಾತರಾದರು. 2022ರ ಆರಂಭದಲ್ಲಿ ಸದಸ್ಯರೆಲ್ಲರೂ, ಅಧ್ಯಕ್ಷರೂ ಮುಸ್ಲಿಮರೇ ಆದರು. ಅಮೆರಿಕದ ಚರಿತ್ರೆಯಲ್ಲಿ ಅದು ಹೊಸದು. 2023ರ ಜೂನಿನಲ್ಲಿ ಆ ಸಭೆ, ರಾಷ್ಟ್ರ, ಸಂಸ್ಥಾನ, ನಗರಗಳ ಧ್ವಜಗಳನ್ನೂ ನಿವಾಸಿಗಳ ಮೂಲದೇಶಗಳ ಧ್ವಜಗಳನ್ನೂ ಇಂಥ ಕೆಲವನ್ನೂ ಬಿಟ್ಟು ಬೇರೆ ಧ್ವಜಗಳನ್ನು ನಗರದ ಜಾಗದಲ್ಲಿ ಹಾರಿಸಕೂಡದೆಂದು ಗೊತ್ತುಮಾಡಿತು. ಸಲಿಂಗಪ್ರೇಮಿಗಳ ಕಾಮನಬಿಲ್ಲಿನ ಧ್ವಜವನ್ನು ಇಳಿಸುವುದಕ್ಕೇ ಈ ನಿರ್ಣಯವೆಂದು ಎಲ್ಲರಿಗೂ ತಿಳಿದಿತ್ತು. 2004ರಲ್ಲಿ ಮುಸ್ಲಿಮರ ಪಕ್ಕದಲ್ಲಿ ನಿಂತು ವಾದಿಸಿದವರಲ್ಲಿ ಅನೇಕರು ಇದರಿಂದ ನೊಂದರು. ಧ್ವಜದ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಯಮವೆಂದು ಸಭೆ ಹೇಳಿತು; ನಿಯಮದ ಅಕ್ಷರಗಳಲ್ಲಿ ಅದು ನಿಜವೂ ಹೌದು. ಆದರೆ ಗಾಡಿ ನಿಲ್ಲಿಸುವ ಜಾಗವನ್ನು ಕೇಳಿದ ಬರ್ನಾರ್ಡ್ಸಿನವರೂ ನಿಯಮದ ಅಕ್ಷರಗಳನ್ನೇ ತೋರಿಸಿದ್ದರು. ನಿನ್ನೆ ತನ್ನ ಗುರುತಿಗಾಗಿ ಊರಿನ ಬಾನಿನಲ್ಲಿ ಸ್ಥಳ ಬೇಡಿದವನು ಇಂದು ಅಧಿಕಾರದ ಪೀಠದಲ್ಲಿ ಕುಳಿತಾಗ, ಇನ್ನೊಬ್ಬನ ಗುರುತು ತನಗೆ ರುಚಿಸದಿದ್ದರೂ ಸ್ಥಳ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಬೇಡಿದ್ದು ನ್ಯಾಯವನ್ನಲ್ಲ, ಸರದಿಯನ್ನು ಎಂದಾಗುತ್ತದೆ.

ಈ ಮಾತು ನಮ್ಮವರಿಗೂ ಸಲ್ಲುತ್ತದೆ. 1965ರ ಅದೇ ಕಾನೂನಿನ ಬಾಗಿಲಿನಿಂದ ಒಳಹೊಕ್ಕ ಭಾರತೀಯರು, ಅವರಲ್ಲಿ ಕನ್ನಡಿಗರೂ, ಅಮೆರಿಕದ ಊರುಗಳಲ್ಲಿ ಗೋಪುರಗಳನ್ನು ಎತ್ತಿದ್ದಾರೆ. ನ್ಯೂಯಾರ್ಕಿನ ಫ್ಲಷಿಂಗಿನಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣಪತಿ, ಪಿಟ್ಸ್‌ಬರ್ಗಿನ ಗುಡ್ಡದ ಮೇಲಿನ ವೆಂಕಟೇಶ್ವರ, ಇವರ ಆಲಯಗಳನ್ನು ಕಟ್ಟಿದವರೂ ಮೊದಲು ನೆಲಮಾಳಿಗೆಯಲ್ಲೂ ಬಾಡಿಗೆಯ ಸಭಾಂಗಣದಲ್ಲೂ ಹಬ್ಬ ಮಾಡಿದ ತಲೆಮಾರಿನವರೇ. 2024ರ ಆಗಸ್ಟಿನಲ್ಲಿ ಟೆಕ್ಸಾಸಿನ ಶುಗರ್ ಲ್ಯಾಂಡಿನಲ್ಲಿ 90 ಅಡಿಯ ಹನುಮಂತನ ವಿಗ್ರಹ ಎದ್ದಾಗ ಕೆಲವರು ದೇವಾಲಯದ ಅಂಗಳಕ್ಕೇ ಬಂದು ಪ್ರತಿಭಟಿಸಿದರು. ಮಿನಾರನ್ನು ಪರಕೀಯವೆಂದ ಮಾತು ಅಲ್ಲಿ ಹನುಮಂತನ ಮೇಲೆ ತಿರುಗಿತ್ತು. ಪದಗಳು ಕೂಡ ಬದಲಾಗಿರಲಿಲ್ಲ. ಹನುಮಂತನಿಗೆ ಜಾಗ ಕೇಳುವವರು ಮಿನಾರಿಗೂ ಕೇಳಬೇಕು. ಅಲ್ಲಿ ಅಲ್ಪಸಂಖ್ಯಾತರಾಗಿ ಕೇಳುವ ನ್ಯಾಯವನ್ನು ಇಲ್ಲಿ ಬಹುಸಂಖ್ಯಾತರಾಗಿ ಕೊಡಲೂ ಸಿದ್ಧರಿರಬೇಕು. ನಮ್ಮ ನಾಡಿನಲ್ಲಿ ಹಳೆಯ ಗೋಪುರ, ಮಾನಸ್ತಂಭ, ಮಿನಾರು, ಇಗರ್ಜಿಗಳು ಒಂದೇ ಊರಿನ ಬಾನನ್ನು ಹಂಚಿಕೊಂಡ ಎಡೆಗಳಿಗೆ ಬಡತನವಿಲ್ಲ. ಅದನ್ನು ಕಟ್ಟಿದ ಹಿರಿಯರ ನಡುವೆ ಯುದ್ಧಗಳೇ ಇರಲಿಲ್ಲವೆಂದು ಹೇಳುವಷ್ಟು ಮುಗ್ಧತೆ ನನಗಿಲ್ಲ. ಆದರೂ ಉಳಿದ ಕಟ್ಟಡಗಳನ್ನು ನಮ್ಮವೆಂದು ಕಾಪಾಡುವ ಕೆಲಸ ಯುದ್ಧ ಮಾಡಿದವರದಲ್ಲ, ನಮ್ಮದು.

ಒಂದು ಊರು ಹೊಸಬರನ್ನು ಸ್ವೀಕರಿಸಿತೆಂದು ಹೇಳಲು ನಾನು ಮೂರು ಗುರುತುಗಳನ್ನು ನೋಡುತ್ತೇನೆ. ಅವರ ಪೂಜಾಸ್ಥಾನಕ್ಕೆ ಹಳಬರದಕ್ಕಿರುವ ಅಳತೆಗೋಲೇ ಇದೆಯೇ. ಅದಕ್ಕೆ ಕೇಡಾದ ದಿನ ನೆರೆಯವರು ಬಂದು ನಿಲ್ಲುವರೇ. ಹೊಸಬರು ತಾವೇ ಹಳಬರಾದಾಗ ತಮ್ಮ ಹಿಂದೆ ಬಂದವರಿಗೆ ಅದೇ ಅಳತೆಗೋಲನ್ನು ಹಿಡಿಯುವರೇ. ಮೊದಲನೆಯದನ್ನು ಅಮೆರಿಕದ ನ್ಯಾಯಸ್ಥಾನಗಳು ಬಹುಮಟ್ಟಿಗೆ ನಡೆಸಿಕೊಟ್ಟಿವೆ. ಎರಡನೆಯದನ್ನು ಟೊಲೆಡೋದ ಜನ ಒಂದು ದಿನ ಮಾಡಿ ತೋರಿಸಿದರು. ಮೂರನೆಯದು ಇನ್ನೂ ಆಗಬೇಕಾದ ಕೆಲಸ. ಅದನ್ನು ಯಾವ ಕಾನೂನೂ ಮಾಡಿಸಲಾರದು; ಗೋಪುರ ಕಟ್ಟಿದವರೇ, ಅವರು ಯಾವ ಮತದವರಾಗಿರಲಿ, ತಮ್ಮ ಗೋಪುರದ ಕೆಳಗೆ ನಿಂತು ತಾವೇ ನಿಶ್ಚಯಿಸಬೇಕು.